2018ರ ಪಿಕಪ್, ಮೀಟರ್‌ನಲ್ಲಿ 86 ಸಾವಿರ, ಬೆಳಿಗ್ಗೆ ನೀಲಿ ಹೊಗೆ. ತಗೊಳ್ಳೋದಾ, ಬಿಡೋದಾ?

ಆನಗೋಡು ಟೊಮೆಟೊ:

ಎಲ್ಲರಿಗೂ ನಮಸ್ಕಾರ. ನಮ್ದು ಆನಗೋಡು ಹತ್ರ ಮೂರೂವರೆ ಎಕರೆ. ಟೊಮೆಟೊ, ಹಸಿಮೆಣಸಿನಕಾಯಿ. ಅಕ್ಕಪಕ್ಕದ ಹೊಲದವರ ಮಾಲೂ ಸೇರಿಸ್ಕೊಂಡು ಬೆಳಗಿನ ಜಾವ ದಾವಣಗೆರೆ ಮಾರ್ಕೆಟ್‌ಗೆ ಹಾಕ್ತೀನಿ. ಟ್ರಿಪ್ಪಿಗೆ 1,200 ಬಾಡಿಗೆ. ಹೋದ ತಿಂಗಳು 26 ಟ್ರಿಪ್ ಆಯ್ತು, ಕೂತು ಲೆಕ್ಕ ಹಾಕಿದ್ರೆ 31,200 ರೂಪಾಯಿ. ಟೊಮೆಟೊ ರೇಟ್ ಬಿದ್ದ ದಿನವೂ ಬಾಡಿಗೆಯವನಿಗೆ ಮಾತ್ರ ಅಷ್ಟೇ ಕೊಡಬೇಕು. ಅದಕ್ಕೇ ಸ್ವಂತದ್ದೊಂದು ಹಳೇ ಪಿಕಪ್ ತಗೊಳ್ಳೋಣ ಅಂತ.

ಚಿತ್ರದುರ್ಗದಲ್ಲಿ ಒಬ್ಬ ಬ್ರೋಕರ್ ಹತ್ರ ಒಂದು ನೋಡ್ಕೊಂಡು ಬಂದೆ. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಹಾಕಿದ್ರೆ ನನ್ನ ಗಾಡಿ ಬಿಟ್ಟು ಆ ಕಂಪನಿ ಮೇಲಾ ಈ ಕಂಪನಿ ಮೇಲಾ ಅಂತ ಜಗಳ ಶುರು ಆಗುತ್ತೆ. 2018ರ ಬಿಎಸ್-4 (ಬಿಎಸ್-6ಗಿಂತ ಹಿಂದಿನ ಹೊಗೆ ನಿಯಮದ್ದು) ಡೀಸೆಲ್, 1.3 ಟನ್ ಪಾಸಿಂಗ್ (ಅಷ್ಟು ಭಾರ ಹೊರೋಕೆ ಪರ್ಮಿಷನ್), ಕೆಎ-16 ನಂಬರ್, ಎರಡನೇ ಓನರ್. ಮೀಟರ್‌ನಲ್ಲಿ 86,412. ಕೇಳ್ತಿರೋದು 4.60 ಲಕ್ಷ. ನನ್ನ ಹತ್ರ ಇರೋದು 4.25, ಅದರಲ್ಲಿ ಒಂದು ಲಕ್ಷ ಮನೆಯವಳ ಸಂಘದ ಸಾಲ.

ಕಣ್ಣಿಗೆ ಬಿದ್ದಿದ್ದು ಹೇಳ್ತೀನಿ. ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ನಿಮಿಷ ನೀಲಿ ಹೊಗೆ ಬಂತು, ಆಮೇಲೆ ನಿಂತಿತು. "ಚಳಿಗೆ ಎಲ್ಲಾ ಡೀಸೆಲ್ ಗಾಡಿನೂ ಹಿಂಗೇ" ಅಂದ. ಹೈವೇಗೆ ತಂದು ಓಡಿಸಿದೆ. 50ರಲ್ಲಿ ಹೋಗ್ತಾ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ್ರೆ ಹಿಂದಿಂದ ಗುಂಯ್ ಅಂತ ಶಬ್ದ, ಮತ್ತೆ ಒತ್ತಿದ್ರೆ ಇಲ್ಲ. ನಿಲ್ಲಿಸಿ ಹಿಂದೆ ನಿಂತು ನೋಡಿದ್ರೆ ಎಡಕ್ಕೆ ಒಂದು ಸ್ವಲ್ಪ ವಾಲಿದಂಗೆ ಕಾಣುತ್ತೆ. ಮಾಲು ಹಾಕೋ ತೊಟ್ಟಿ ಒಳಗೆ ಕಪ್ಪು ಪೇಂಟ್, ಬೆರಳಿಗೆ ಅಂಟೋವಷ್ಟು ಹೊಸದು.

ಇದರಲ್ಲಿ ಯಾವುದು ಸಣ್ಣ ಕೆಲಸ, ಯಾವುದು ಮನೆ ಮುಳುಗಿಸೋ ಕೆಲಸ? ಖರ್ಚು ಎಷ್ಟು ಬರಬಹುದು? ಇನ್ನೊಂದು, ನನ್ನ ಲೈಸೆನ್ಸ್ ಬರೀ ಎಲ್‌ಎಂವಿ (ಕಾರಿನಂಥ ಲಘು ವಾಹನದ್ದು), ಹಳದಿ ಬೋರ್ಡ್ ಗಾಡಿ ಓಡಿಸಬಹುದಾ?

ಪಿ.ಬಿ. ರೋಡ್ ಸ್ಪೇರ್ಸ್:

ಲೈಸೆನ್ಸ್ ಚಿಂತೆ ಬಿಡಿ. 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ.

ಗಾಡಿ ಮಾತ್ರ ಬೇಡ. ಬ್ರೋಕರ್ ಗಾಡಿ ಮೈಗೆ ಪೇಂಟ್ ಹೊಡೆಸಿದ್ರೆ ಮಾರೋಕೆ ಅಂತ ತಿಳ್ಕೋಬಹುದು. ತೊಟ್ಟಿ ಒಳಗೆ ಹೊಡೆಸಿದ್ದಾನೆ ಅಂದ್ರೆ ಮುಚ್ಚೋಕೆ. ಇನ್ನೆರಡು ಲಕ್ಷ ಸಾಲ ಮಾಡಿ ಬಿಎಸ್-6 ಗಾಡಿ ನೋಡಿ.

ದುರ್ಗದ ಹಳೇ ಕ್ಲೀನರ್:

ಇನ್ನೆರಡು ಲಕ್ಷ ಸಾಲ ಮಾಡು ಅನ್ನೋದು ಬಾಯಲ್ಲಿ ಸುಲಭ. ಆನಗೋಡಿಂದ ದಾವಣಗೆರೆಗೆ ದಿನಾ ಹದಿನೈದಿಪ್ಪತ್ತು ಕಿಲೋಮೀಟರ್ ಓಡೋ ಗಾಡಿಗೆ ಬಿಎಸ್-6 ಅಂದ್ರೆ ಇನ್ನೊಂದು ತಾಪತ್ರಯ. ಸೈಲೆನ್ಸರ್ ಹತ್ರ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಹೊಗೆಯ ಮಸಿ ಹಿಡಿಯೋಕೆ. ಗಾಡಿ ಆಗಾಗ ಚೆನ್ನಾಗಿ ಬಿಸಿಯಾಗಿ ಒಂದೇ ಸಮ ಓಡಿದ್ರೆ ಮಸಿ ಸುಟ್ಟು ಹೋಗುತ್ತೆ. ಮಾರ್ಕೆಟ್‌ಗೆ ಹೋಗಿ ಮನೆಗೆ ಬರೋ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತೆ, ಡ್ಯಾಶ್‌ಬೋರ್ಡಲ್ಲಿ ಲೈಟ್ ಹತ್ತುತ್ತೆ, ಗಾಡಿ ಎಳೆಯೋದು ಬಿಡುತ್ತೆ. ಆಗಾಗ ಹೈವೇಲಿ ಅರ್ಧ ಗಂಟೆ ಬಿಡೋ ಅಭ್ಯಾಸ ಇಟ್ಕೊಂಡ್ರೆ ತೊಂದರೆ ಇಲ್ಲ ಅನ್ನು. ಆದ್ರೆ ಬಿಎಸ್-4 ತಗೊಳ್ತಾ ಇದೀಯ ಅಂತ ಹೆದರಬೇಡ ತಮ್ಮ.

ನಾನು 2003ರಲ್ಲಿ ಕ್ಲೀನರ್ ಆಗಿ ಸೇರಿದವನು. ಆಮೇಲೆ ಡ್ರೈವರ್, ಈಗ ಎರಡು ಪಿಕಪ್ ಸ್ವಂತದ್ದು. ಇಲ್ಲಿತನಕ ನಾಲ್ಕು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದೀನಿ, ಒಂದರಲ್ಲಿ ಚೆನ್ನಾಗಿ ಪೆಟ್ಟು ತಿಂದಿದೀನಿ.

ನಾನು ಹಳೇ ಪಿಕಪ್ ಮುಂದೆ ನಿಂತ್ರೆ ಮೊದಲು ಕೇಳೋದು ಒಂದೇ: ಇದು ಇಷ್ಟು ದಿನ ಏನು ಹೊತ್ತಿತ್ತು? ಹಾಲಿನ ಗಾಡಿ ಆದ್ರೆ ಹೆಜ್ಜೆಗೊಂದು ಕಡೆ ನಿಂತು ಹೊರಟಿರುತ್ತೆ. ಕ್ಲಚ್ಚು, ಬ್ರೇಕು, ಸ್ಟಾರ್ಟರ್ ಸವೆದಿರುತ್ತೆ, ಇಂಜಿನ್ ಮಾತ್ರ ಗಟ್ಟಿ. ಈರುಳ್ಳಿ ಗಾಡಿ ಆದ್ರೆ ಚಳ್ಳಕೆರೆಯಿಂದಲೋ ಹಿರಿಯೂರಿಂದಲೋ ರಾತ್ರಿ ಹೊರಟು ಬೆಳಗಾಗೋದ್ರೊಳಗೆ ಯಶವಂತಪುರ ಮುಟ್ಟಬೇಕು, ಕಾಲು ಎತ್ತದಂಗೆ ಓಡಿಸಿರ್ತಾರೆ. ಅದರಲ್ಲಿ ಟರ್ಬೊ (ಇಂಜಿನ್ನಿಗೆ ಗಾಳಿ ತುಂಬೋ ಭಾಗ), ಪಿಸ್ಟನ್ ರಿಂಗು ನೋಡ್ಕೋಬೇಕು. ಗೊಬ್ಬರದ ಗಾಡಿಗೆ ತುಕ್ಕೇ ಕಾಯಿಲೆ. ಚೀಲದಿಂದ ಉದುರಿದ ಪೊಟ್ಯಾಷು, ಯೂರಿಯಾ ಸಂದಿ ಸಂದಿಲಿ ಕೂತು ತೇವ ಎಳೆದು ಕಬ್ಬಿಣ ತಿಂದುಬಿಡುತ್ತೆ. ಇಟ್ಟಿಗೆ, ಜಲ್ಲಿ ಹೊತ್ತ ಗಾಡಿ ಆದ್ರೆ ದೂರದಿಂದ ಕೈ ಮುಗಿದು ಬಂದುಬಿಡು. ನಮ್ಮ ಕಡೆ ಇನ್ನೊಂದು ಜಾತಿ ಐತೆ, ನೀರಿನ ಗಾಡಿ. ಬೇಸಿಗೆ ಬಂತಂದ್ರೆ ಪಿಕಪ್ ಮೇಲೆ 2,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿ ಊರೂರಿಗೆ ಹೊಡೀತಾರೆ. 2,000 ಲೀಟರ್ ಅಂದ್ರೆ 2 ಟನ್ ಆಯ್ತಲ್ಲ, 1.3ರ ಗಾಡಿ ಮೇಲೆ. ಚೀಲ ಆದ್ರೆ ಹಾಕಿದ ಕಡೆ ಬಿದ್ದಿರುತ್ತೆ, ನೀರು ಹಂಗಲ್ಲ. ಬ್ರೇಕ್ ಹಾಕಿದ್ರೆ ಮುಂದಕ್ಕೆ ನುಗ್ಗುತ್ತೆ, ತಿರುವಲ್ಲಿ ಒಂದು ಕಡೆಗೆ ಒದೆಯುತ್ತೆ.

ಮೀಟರ್ ಬಗ್ಗೆ: 86 ಸಾವಿರವನ್ನ ಏಳು ವರ್ಷಕ್ಕೆ ಹಂಚಿದ್ರೆ ದಿನಕ್ಕೆ 34 ಕಿಲೋಮೀಟರ್. ಕಂತು ಕಟ್ಟಿಕೊಂಡು ದಿನಕ್ಕೆ 34 ಓಡಿಸಿ ಬದುಕಿದ ಹಳದಿ ಬೋರ್ಡಿನವನನ್ನ ನಾನಿನ್ನೂ ನೋಡಿಲ್ಲ. ಕ್ಲಚ್ ಪೆಡಲ್ಲಿನ ರಬ್ಬರ್ ಗೆರೆ ಸವೆದು ನುಣ್ಣಗಾಗಿದೆಯಾ, ಸ್ಟೀರಿಂಗ್ ಮೇಲೆ ಕೈ ಹಿಡಿಯೋ ಜಾಗದಲ್ಲಿ ಹೊಳೀತಾ ಇದೆಯಾ ನೋಡು. ಕಂಪನಿ ಸರ್ವಿಸ್ ಸೆಂಟರಲ್ಲಿ ಗಾಡಿ ನಂಬರ್ ಕೊಟ್ಟು ವಿಚಾರಿಸು, ಯಾವ ದಿನ ಎಷ್ಟು ಕಿಲೋಮೀಟರಿಗೆ ಬಂದಿತ್ತು ಅಂತ ಅವರ ಕಂಪ್ಯೂಟರಲ್ಲಿ ಇರುತ್ತೆ.

ಈಗ ಹೊಗೆ. ಇನ್ನೊಂದು ಸಲ ಹೋಗುವಾಗ ಫೋನ್ ಮಾಡ್ಬೇಡ, ಬೆಳಿಗ್ಗೆ ಆರಕ್ಕೆ ಸುಮ್ನೆ ಹೋಗಿ ನಿಲ್ಲು. ಮೊದಲು ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ರೆ ನಿನಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಹೊಗೆ ಕಳೆದಿದ್ದಾರೆ ಅಂತ. ತಣ್ಣಗಿದ್ರೆ ಸ್ಟಾರ್ಟ್ ಮಾಡಿಸು. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಾ ಐತೆ ಅಂತ, ಚಳಿ ಗಿಳಿ ಕಥೆ ನಂಬಬೇಡ. ಚಳಿಗೆ ಡೀಸೆಲ್ ಸರಿಯಾಗಿ ಉರಿಯದೆ ಬರೋದು ಬಿಳಿ ಹೊಗೆ. ನೀಲಿ ಎರಡು ನಿಮಿಷಕ್ಕೆ ನಿಂತ್ರೆ ಸಾಮಾನ್ಯವಾಗಿ ವಾಲ್ವ್ ಸೀಲ್. ರಾತ್ರಿಯೆಲ್ಲಾ ಇಂಜಿನ್ ಮೇಲ್ಭಾಗದ ಹೆಡ್ಡಿಂದ ಆಯಿಲ್ ಹನಿಹನಿಯಾಗಿ ಕೆಳಗಿಳಿದಿರುತ್ತೆ, ಬೆಳಿಗ್ಗೆ ಅದೇ ಉರಿಯೋದು. ಬಿಸಿಯಾದ ಮೇಲೂ, ಏರಲ್ಲಿ ಮೂರನೇ ಗೇರಲ್ಲಿ ಎಳೀತಾ ಇರುವಾಗಲೂ ಬಂದ್ರೆ ರಿಂಗ್ ಹೋಗಿದೆ, ಇಲ್ಲಾ ಟರ್ಬೊ ಸೀಲ್. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಅಲ್ಲೇ ಬಾಯಿ ಮೇಲೆ ಮಗುಚಿ ಇಟ್ಟು ನೋಡು. ನಡುಗ್ತಾ ಕೂತಿದ್ರೆ ಪರವಾಗಿಲ್ಲ. ಹಾರಿ ಬಿದ್ದು, ರೈಲಿನ ಥರ ಪುಸು ಪುಸು ಹೊಗೆ ಬಂದ್ರೆ ವಾಪಸ್ ಬಸ್ ಹತ್ತು.

ಖರ್ಚು ನಾನು ಕೊಟ್ಟ ಬಿಲ್ ಹೇಳ್ತೀನಿ, ನಿನ್ನ ಗಾಡಿಗೆ ಆಚೀಚೆ ಆಗಬಹುದು. ಹೋದ ವರ್ಷ ಹೆಡ್ ಇಳಿಸಿ ಸೀಲು, ಗೈಡು, ಗ್ಯಾಸ್ಕೆಟ್ಟು, ಲೇತಲ್ಲಿ ಹೆಡ್ ಫೇಸಿಂಗ್, ಕೂಲಿ ಎಲ್ಲಾ ಸೇರಿ 14,300. ಅದಕ್ಕೂ ಹಿಂದೆ ಇನ್ನೊಂದು ಗಾಡಿಯ ಇಂಜಿನ್ನೇ ಇಳಿಸಿ ಪಿಸ್ಟನ್, ರಿಂಗು, ಬೇರಿಂಗು, ಆಯಿಲ್ ಪಂಪು ಮಾಡಿಸಿದ್ದಕ್ಕೆ 78 ಸಾವಿರ, ಜೊತೆಗೆ ಹನ್ನೊಂದು ದಿನ ಬಾಡಿಗೆ ಇಲ್ಲ. ಆ ಎರಡು ಬಿಲ್ಲಿನ ನಡುವಿನ ಅಂತರ ತಿಳಿಯೋಕೆ ಆ ಮುಚ್ಚಳ ಒಂದು ಸಾಕು.

ಗುಂಯ್ ಅನ್ನೋದು ಕ್ರೌನ್ ಸೌಂಡ್, ಹಿಂದಿನ ಆಕ್ಸಲ್ ನಡುವಿನ ಹೌಸಿಂಗ್ ಒಳಗೆ ಚಕ್ರ ತಿರುಗಿಸೋ ದೊಡ್ಡ ಗೇರಿಂದು. ಕಾಲು ತೆಗೆದಾಗ ಮಾತ್ರ ಬರ್ತಿದ್ರೆ ಪಿನಿಯನ್ (ಕ್ರೌನ್ ತಿರುಗಿಸೋ ಸಣ್ಣ ಗೇರ್) ಬೇರಿಂಗ್ ಸಡಿಲ ಆಗಿರಬಹುದು, ಇಲ್ಲಾ ಹಲ್ಲೇ ಸವೆದಿರಬಹುದು. ಹೌಸಿಂಗ್ ಆಯಿಲ್ ಸ್ವಲ್ಪ ಇಳಿಸಿ ಎರಡು ಬೆರಳಲ್ಲಿ ಉಜ್ಜಿ ನೋಡ್ಲಿ ಮೆಕ್ಯಾನಿಕ್. ಬೂದಿ ಥರ ಹೊಳಪು ಬಂದ್ರೆ ವಯಸ್ಸಿನ ಸವೆತ, ಚೂರು ಸಿಕ್ಕರೆ ಹಲ್ಲು ಹೋಗಿದೆ. ಬೇರಿಂಗ್ ಮಾತ್ರ ಆದ್ರೆ ಆರೇಳು ಸಾವಿರದಲ್ಲಿ ಮುಗಿಯುತ್ತೆ, ಕ್ರೌನ್ ಪಿನಿಯನ್ ಸೆಟ್ಟೇ ಹಾಕಬೇಕಂದ್ರೆ ಹದಿನೆಂಟು ಇಪ್ಪತ್ತು.

ವಾಲಿರೋದಕ್ಕೆ ಬರ್ತೀನಿ, ನಾನು ಪೆಟ್ಟು ತಿಂದಿದ್ದು ಇಲ್ಲೇ. 2014ರಲ್ಲಿ 2.70ಕ್ಕೆ ಒಂದು ಪಿಕಪ್ ತಗೊಂಡೆ. ಇಂಜಿನ್ ಗಡಿಯಾರದಂಗೆ ಓಡ್ತಿತ್ತು, ಅದನ್ನೇ ಕೇಳ್ಕೊಂಡು ಮರುಳಾದೆ, ಕೆಳಗೆ ಬಗ್ಗಿ ನೋಡಲಿಲ್ಲ. ಮೂರನೇ ತಿಂಗಳು ಈರುಳ್ಳಿ ಲೋಡ್ ಹಾಕ್ಕೊಂಡು ಹಿರಿಯೂರು ದಾಟಿದೀನಿ, ಟಕ್ ಅಂತು. ಕಲ್ಲು ಹೊಡೀತೇನೋ ಅಂದ್ಕೊಂಡೆ. ಚಹಾಕ್ಕೆ ನಿಲ್ಲಿಸಿ ಇಳಿದು ನೋಡ್ತೀನಿ, ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿ ಮೇಲೆ ಅಗಲ, ಕೆಳಗೆ ಕಿರಿದು. ಟಾರ್ಚ್ ಬಿಟ್ಟು ನೋಡಿದ್ರೆ ಚಾಸಿ (ಇಡೀ ಗಾಡಿ ಹೊರೋ ಕಬ್ಬಿಣದ ಚೌಕಟ್ಟು) ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಬಿರುಕಿನ ಒಳಗೂ ತುಕ್ಕು. ಅಂದ್ರೆ ನನ್ನ ಕೈಗೆ ಬರೋಕೆ ಮುಂಚೆನೇ ಬಿಟ್ಟಿತ್ತು. ಆಮೇಲೆ ಗೊತ್ತಾಯ್ತು, ಇಟ್ಟಿಗೆ ಭಟ್ಟಿ ಗಾಡಿ. ಚಕ್ರದ ಹತ್ರ ಭಾರ ಹೊರೋ ಸ್ಪ್ರಿಂಗ್ ಪ್ಲೇಟ್ ಎಣಿಸಿದ್ದಿದ್ರೆ ಅವತ್ತೇ ಸಿಗ್ತಿತ್ತು. ಎಡಬಲ ಎರಡೂ ಕಡೆ ಒಂದೊಂದು ಸ್ಪ್ರಿಂಗ್ ಪ್ಲೇಟ್ ಜಾಸ್ತಿ ಹಾಕಿಸಿದ್ದರು. ಪ್ಲೇಟ್ ಜಾಸ್ತಿ ಹಾಕಿದ್ರೆ ಗಾಡಿ ಕೂರಲ್ಲ ನಿಜ, ಆದ್ರೆ ಆ ಭಾರ ಪ್ಲೇಟ್ ಬಿಟ್ಟು ಚಾಸಿ ಹೊರುತ್ತೆ. ಚಾಸಿ ಬಿಗಿ ಮಾಡಿಸೋಕೆ, ಪ್ಲೇಟಿಗೆ, ಆ ಈರುಳ್ಳಿ ಬೇರೆ ಗಾಡಿಗೆ ಹಾಕಿದ ಬಾಡಿಗೆಗೆ ಎಲ್ಲಾ ಸೇರಿ 41 ಸಾವಿರ ಹೋಯ್ತು. (ನೀನೂ ಮುಂದೆ ಪ್ಲೇಟ್ ಹಾಕಿಸೋ ಆಸೆ ಪಡಬೇಡ. 2019ರ ತಿದ್ದುಪಡಿ ಆದಮೇಲೆ ಓವರ್‌ಲೋಡ್ ದಂಡ 20 ಸಾವಿರ, ಅದರ ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ.)

ಅದಕ್ಕೇ, ಹೋದಾಗ ಒಂದು ಗೋಣಿಚೀಲ ಹಾಸ್ಕೊಂಡು ಗಾಡಿ ಕೆಳಗೆ ಮಲಗು. ಎರಡೂ ಕಡೆ ಪ್ಲೇಟ್ ಎಣಿಸು. ಬಣ್ಣ ಬೇರೆ ಇರೋ ಪ್ಲೇಟ್ ಯಾವುದು, ಮುರಿದಿದ್ದು ಯಾವುದು, ಚಾಸಿಗೆ ವೆಲ್ಡಿಂಗ್ ಎಲ್ಲಿ ಆಗಿದೆ ನೋಡು. ತೊಟ್ಟಿ ಒಳಗಿನ ಆ ಹೊಸ ಪೇಂಟನ್ನ ಕೀಲಿಯಿಂದ ಒಂದಿಷ್ಟು ಕೆರೆದು ನೋಡು. ಏನು ಹೊತ್ತಿತ್ತು ಅಂತ ಬ್ರೋಕರ್ ಹೇಳದಿದ್ರೂ ತೊಟ್ಟಿ ಹೇಳುತ್ತೆ.

ಭಟ್ಟಿ ಮನೆ ಅಕ್ಕ:

ದುರ್ಗದ ಅಣ್ಣ ಹೇಳಿದ ಲೆಕ್ಕಕ್ಕೆ ನಮ್ಮದೊಂದು ಸೇರಿಸಿಕೊಳ್ಳಿ, ಮಂಡಕ್ಕಿ ಗಾಡಿ. ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಪಿಕಪ್ ತುಂಬಿ, ಕ್ಯಾಬಿನ್ ಮೇಲೆ ಇನ್ನೊಂದು ಆಳೆತ್ತರ ಚೀಲ ಪೇರಿಸಿ ಹಗ್ಗ ಬಿಗಿದರೂ ಪಾಸಿಂಗ್ ಭಾರದ ಅರ್ಧವೂ ಆಗೋದಿಲ್ಲ. ನೋಡಿದವರು ಪಾಪ ಗಾಡಿ ಅಂತಾರೆ, ಗಾಡಿ ಹಾಯಾಗಿರುತ್ತೆ. ನಮ್ಮ 2017ರ ಪಿಕಪ್ಪಿನ ಸ್ಪ್ರಿಂಗ್ ಪ್ಲೇಟ್ ಇಲ್ಲಿತನಕ ಒಂದೂ ಬದಲಾಯಿಸಿಲ್ಲ.

ಹಾಗಂತ ಖರ್ಚೇ ಇಲ್ಲ ಅಂತಲ್ಲ. ಭಟ್ಟಿಯ ಹೊಟ್ಟು, ಮಸಿ ಏರ್ ಫಿಲ್ಟರ್‌ಗೆ ಕೂರುತ್ತೆ. ನಮ್ಮ ಹುಡುಗ ಎರಡು ವರ್ಷ ಫಿಲ್ಟರನ್ನ ಗಾಳಿ ಹೊಡೆದು ಹೊಡೆದು ಅದನ್ನೇ ಹಾಕುತ್ತಿದ್ದ, 600 ರೂಪಾಯಿ ಉಳಿಸಿದೆ ಅಂತ. ಕೊನೆಗೆ ಕಪ್ಪು ಹೊಗೆ, ಏರಲ್ಲಿ ಎಳೆಯೋದೇ ಇಲ್ಲ. ಟರ್ಬೊ ರಿಪೇರಿಗೆ 13,500. ಲೆಕ್ಕದ ಪುಸ್ತಕ ನನ್ನ ಹತ್ತಿರ ಇರೋದರಿಂದ ಉಳಿದದ್ದೂ ಹೇಳುತ್ತೇನೆ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಕೂಲಿ ಸೇರಿ 8,900. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎರಡು, 2,100. ಬ್ಯಾಟರಿ 6,400. ಟೈರ್ ಒಂದಕ್ಕೆ 7,800ರಂತೆ ನಾಲ್ಕು. ಟೈರ್ ಖರ್ಚನ್ನ ಎಲ್ಲರೂ ಮರೆಯುತ್ತಾರೆ ತಮ್ಮ. ಟೈರ್ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದ್ದು. ಟೈರಿನ ಹೂವು, ಅಂದರೆ ಮೇಲಿನ ಅಚ್ಚಿನ ಗೆರೆ, ಎಷ್ಟೇ ಎದ್ದು ಕಂಡರೂ ಅಷ್ಟು ಹಳೆಯ ರಬ್ಬರ್ ನಂಬಬೇಡಿ.

ಕಾಗದದ ವಿಷಯ ಯಾರೂ ಹೇಳಲಿಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇದ್ದರೆ ಸಾಲ ತೀರಿದ ಪತ್ರ, ಆ ಹೆಸರು ತೆಗೆಸೋಕೆ ಬೇಕಾದ ಸಹಿ ಆದ ಫಾರಂ 35 ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಹಳೇ ಚಲನ್ ಇದೆಯಾ ಪರಿವಾಹನ್ ವೆಬ್‌ಸೈಟಲ್ಲಿ ನೋಡಿ. ಗಾಡಿ ನಿಮ್ಮ ಹೆಸರಿಗಾದ ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸೂ ಹೆಸರು ಬದಲಾಯಿಸೋಕೆ ಕೊಡಬೇಕು. ಎಂಟು ವರ್ಷ ದಾಟಿದ ಮೇಲೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪತ್ರ, ಎಫ್‌ಸಿ ಪ್ರತಿ ವರ್ಷ, 2018ರ ಗಾಡಿಗೆ ಅದು ಬಂದೇಬಿಟ್ಟಿತು.

ಆನಗೋಡು ಟೊಮೆಟೊ:

ಅಣ್ಣ, ಅಕ್ಕ, ಇಬ್ಬರಿಗೂ ದೊಡ್ಡ ನಮಸ್ಕಾರ. ನಿನ್ನೆ ದಾವಣಗೆರೆಯಿಂದ ಒಬ್ಬ ಮೆಕ್ಯಾನಿಕ್‌ಗೆ 800 ರೂಪಾಯಿ ಕೊಟ್ಟು ಕರ್ಕೊಂಡು ಆರೂ ಕಾಲಿಗೆ ಅಲ್ಲಿ ನಿಂತೆ. ಬ್ರೋಕರ್ ಹಲ್ಲುಜ್ಜುತ್ತಾ ಬಂದ.

ಬಾನೆಟ್ ತಣ್ಣಗಿತ್ತು. ನೀಲಿ ಹೊಗೆ ಮೂರು ನಿಮಿಷ ಬಂತು. ಮುಚ್ಚಳ ಮಗುಚಿ ಇಟ್ಟೆ, ನಡುಗ್ತಾ ಕೂತಿತ್ತು, ಹಾರಲಿಲ್ಲ. ಏರಲ್ಲಿ ಎಳೆದು ನೋಡಿದ್ವಿ, ಹೊಗೆ ಇಲ್ಲ. ಸೀಲೇ ಅಂದ ಮೆಕ್ಯಾನಿಕ್. ಹೌಸಿಂಗ್ ಆಯಿಲ್‌ನಲ್ಲಿ ಚೂರು ಸಿಗಲಿಲ್ಲ, ಆದ್ರೆ ಬೇರಿಂಗ್ ಆಟ ಐತೆ ಅಂದ. ಪ್ಲೇಟ್ ಎಣಿಸಿದೆ: ಬಲಗಡೆ ಒಂದು ಜಾಸ್ತಿ, ಎಡಗಡೆಯೂ ಜಾಸ್ತಿ ಹಾಕಿದ್ದಾರೆ, ಆದ್ರೆ ಎಡಗಡೆದರಲ್ಲಿ ಒಂದು ಮುರಿದು ತುದಿಯೇ ಇಲ್ಲ. ವಾಲಿದ್ದು ಅದಕ್ಕೆ.

ಆಮೇಲೆ ತೊಟ್ಟಿ. ಬ್ರೋಕರ್ ಫೋನಲ್ಲಿದ್ದ, ನಾನು ಬೈಕ್ ಕೀಲಿ ತೆಗೆದು ಕೆರೆದೆ. ಪೇಂಟ್ ಕೆಳಗೆ ತುಕ್ಕು, ಅದು ಗೆರೆಯಾಗಿ ಬಾಗ್ತಾ ಹೋಗ್ತಿತ್ತು. ಕೆರೀತಾ ಹೋದಂಗೆ ಗೊತ್ತಾಯ್ತು, ಅರ್ಧ ಚಂದ್ರ. ಪೂರ್ತಿ ಕೆರೆದಿದ್ರೆ ದುಂಡಗೆ ಬರ್ತಿತ್ತು, ಟ್ಯಾಂಕಿನ ತಳದ ಅಳತೆಗೆ. ಕೆಳಗೆ ಮಲಗಿ ನೋಡಿದ್ರೆ ತೊಟ್ಟಿ ಅಡಿಯ ಅಡ್ಡಪಟ್ಟಿ ಎರಡು ಬಿಸ್ಕತ್ತಿನಂಗೆ, ಸ್ಕ್ರೂಡ್ರೈವರ್ ಒತ್ತಿದ್ರೆ ಒಳಗೆ ಹೋಯ್ತು. ಚಾಸಿ ಮಾತ್ರ ಗಟ್ಟಿ ಐತೆ, ಬಿರುಕು ಕಾಣಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಸರ್ವಿಸ್ ಸೆಂಟರಲ್ಲಿ ವಿಚಾರಿಸಿದೆ. 2021ರಲ್ಲಿ 52 ಸಾವಿರ, 2023ರಲ್ಲಿ 71 ಸಾವಿರಕ್ಕೆ ಬಂದಿದೆ. ಮೀಟರ್ ಹಿಂದಕ್ಕೆ ತಿರುಗಿಸೇ ಇಲ್ಲ!

ಬ್ರೋಕರ್‌ಗೆ ಹೇಳಿದೆ, ನೀರಿನ ಗಾಡಿ ಅಂತ ಯಾಕೆ ಹೇಳಲಿಲ್ಲ ಅಂತ. "ನೀವು ಕೇಳಲಿಲ್ಲವಲ್ಲ" ಅಂದ. 4.05ಕ್ಕೆ ಇಳಿದಿದ್ದಾನೆ. ಏನು ಮಾಡ್ಲಿ?

ದುರ್ಗದ ಹಳೇ ಕ್ಲೀನರ್:

ಮೀಟರ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯ್ತು ನೋಡು. ಬೋರಿಂದ ಊರಿಗೆ ಮೂರು ಕಿಲೋಮೀಟರ್ ಹೊಡೆಯೋ ಗಾಡಿ, ದಿನಕ್ಕೆ ಹತ್ತು ಟ್ರಿಪ್ ಮಾಡಿದ್ರೂ ಮೀಟರ್ ಏಳಲ್ಲ, ಆದ್ರೆ ಎಲ್ಲಾ ಒಂದು ಎರಡನೇ ಗೇರಲ್ಲೇ. ಕ್ಲಚ್ ನೋಡಿದ್ರಾ? ಹ್ಯಾಂಡ್ ಬ್ರೇಕ್ ಹಾಕಿ, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನ ಬಿಡ್ಲಿ. ಇಂಜಿನ್ ಆಫ್ ಆದ್ರೆ ಕ್ಲಚ್ ಪ್ಲೇಟ್ ಇನ್ನೂ ಚೆನ್ನಾಗಿದೆ. ಆಫ್ ಆಗದೆ ಓಡ್ತಾ ಇದ್ರೆ ಅಕ್ಕ ಹೇಳಿದ ಆ 8,900 ಸೇರಿಸಿಕೋ.

ಲೆಕ್ಕ ಹಾಕು. ಹೆಡ್ ಕೆಲಸ 14, ಪಿನಿಯನ್ ಬೇರಿಂಗ್ 7, ಪ್ಲೇಟು ಬುಷ್ಷು 9, ತೊಟ್ಟಿ ಅಡ್ಡಪಟ್ಟಿ ಶೀಟು ವೆಲ್ಡಿಂಗು 12. ಕ್ಲಚ್ ಬಿಟ್ಟೇ 42 ಸಾವಿರ. ಗಾಡಿ ಸತ್ತಿಲ್ಲ, ಚಾಸಿ ಗಟ್ಟಿ ಐತಲ್ಲ. 3.70 ಹೇಳು, 3.80ಕ್ಕೆ ನಿಲ್ಲು. ಅವನು ಬರಲ್ಲ ಅಂದ್ರೆ ಎದ್ದು ಬಾ. ಕೈಯಲ್ಲಿರೋ 4.25ನೂ ಗಾಡಿಗೇ ಸುರಿದು ರಿಪೇರಿಗೆ ಮತ್ತೆ ಸಂಘದಲ್ಲಿ ಕೈ ಚಾಚಬೇಡ.

ಭಟ್ಟಿ ಮನೆ ಅಕ್ಕ:

ಬ್ರೋಕರ್ ಯೋಚನೆ ಮಾಡ್ತಾ ಇರಲಿ, ಅಷ್ಟರಲ್ಲಿ ಒಂದು ಮಾತು. ನಮ್ಮ ಪಕ್ಕದ ಭಟ್ಟಿಯವರು ಅವರ 2017ರದ್ದು ಕೊಡೋ ಅಂದಾಜಲ್ಲಿದ್ದಾರೆ, ಬ್ರೋಕರ್ ಇಲ್ಲ. 4 ಲಕ್ಷ ಅಂತಿದ್ದರು. ಕ್ಯಾಬಿನ್ ತಲೆ ಹಗ್ಗ ಬಿಗಿದು ಬಿಗಿದು ತಗ್ಗಾಗಿದೆ, ನೋಡೋಕೆ ಚೆಂದ ಇಲ್ಲ. ಮೀಟರ್ 1.60 ಲಕ್ಷ ದಾಟಿದೆ, ಮೊದಲೇ ಹೇಳುತ್ತಿದ್ದೇನೆ. ಮಾರ್ಕೆಟ್‌ಗೆ ಮಾಲು ಹಾಕಿ ಆದ ಮೇಲೆ ಹಾಗೇ ಬಂದು ನೋಡಿ.

ಆನಗೋಡು ಟೊಮೆಟೊ:

ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ ಅಕ್ಕ, ಗೋಣಿಚೀಲ ತರ್ತೀನಿ. ದಯವಿಟ್ಟು ಯಾರೂ ಸ್ಟಾರ್ಟ್ ಮಾಡದಂಗೆ ನೋಡ್ಕೊಳ್ಳಿ.

ಭಟ್ಟಿ ಮನೆ ಅಕ್ಕ:

ಬನ್ನಿ. ಮಂಡಕ್ಕಿ ಲೋಡ್ ಆಗೋದೇ ಹತ್ತು ಗಂಟೆ ಮೇಲೆ, ಬಾನೆಟ್ ತಣ್ಣಗೇ ಇರುತ್ತೆ. ಏರ್ ಫಿಲ್ಟರ್ ಮಾತ್ರ ಬಿಚ್ಚಿಸಿ ನೋಡಿ, ನಾನು ಹೇಳಿದೆ ಅನ್ನಬೇಡಿ.